ಬ್ಯಾಟರಿ ಹೊಸದಾಯಿತು, ಕಾರಿನ ಹೊಗೆಯ ಲೆಕ್ಕ ಏನಾಯಿತು?

ಮೇ ತಿಂಗಳು ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ತುಳು-ಕನ್ನಡಿಗರ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಊರಿನ ನೇಮ, ಜಾತ್ರೆ, ಮದುವೆ, ಗೃಹಪ್ರವೇಶ ಎಂದು ಕುಟುಂಬ ಸಮೇತ ಕೊಂಕಣ ರೈಲು ಹತ್ತಿ ಹೋದವರು ಮರಳುವುದು ಶಾಲೆ ಆರಂಭವಾಗುವ ಹೊತ್ತಿಗೆ. ಅಷ್ಟು ದಿನವೂ ಬಿಲ್ಡಿಂಗಿನ ಕೆಳಗೆ ಬಿಸಿಲು, ಧೂಳು, ಮೊದಲ ಮಳೆಗೆ ಮೈಯೊಡ್ಡಿ ನಿಂತ ಕಾರು, ಯಜಮಾನ ಬಂದು ಕೀಲಿ ತಿರುಗಿಸಿದಾಗ ‘ಟಕ್ ಟಕ್’ ಎಂದು ಸುಮ್ಮನಾಗುತ್ತದೆ. ಮೆಕ್ಯಾನಿಕ್ ಬರುತ್ತಾನೆ, ಹಳೆ ಬ್ಯಾಟರಿ ಕಿತ್ತು ಹೊಸದನ್ನು ಕೂರಿಸುತ್ತಾನೆ, ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ.

ಮುಗಿದಿರುವುದು ಅರ್ಧ ಕೆಲಸ ಮಾತ್ರ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಸಂಪರ್ಕ ತಪ್ಪಿದೊಡನೆ ಗಡಿಯಾರದ ಸಮಯ, ರೇಡಿಯೋದ ಸ್ಟೇಷನ್ನುಗಳ ಜತೆಗೆ ಹೊಗೆ ನಿಯಂತ್ರಣದ ಬಗ್ಗೆ ಕಾರು ಬರೆದಿಟ್ಟುಕೊಂಡ ಲೆಕ್ಕವೂ ಬಹುಪಾಲು ಅಳಿಸಿಹೋಗುತ್ತದೆ. ಆ ಲೆಕ್ಕ ಮತ್ತೆ ತುಂಬಲು ಕೆಲವು ದಿನಗಳ ಸರಿಯಾದ ಓಡಾಟ ಬೇಕು. ಈ ವಿಷಯ ಕಾರಿನ ಮಾಲೀಕರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ತಿಳಿದವರಲ್ಲಿ ಕೆಲವರು ಅದನ್ನೇ ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ. ಸಂಘದ ಸದಸ್ಯರು ಇದನ್ನು ತಿಳಿದಿರುವುದು ಪರ್ಸಿಗೂ ಒಳ್ಳೆಯದು, ಮನೆಯ ಮಕ್ಕಳ ಶ್ವಾಸಕೋಶಕ್ಕೂ ಒಳ್ಳೆಯದು.

ಕಾರಿನೊಳಗಿನ ಗುಮಾಸ್ತ

ಎಂಜಿನಿಗೆ ಎಷ್ಟು ಪೆಟ್ರೋಲ್, ಎಷ್ಟು ಗಾಳಿ ಹೋಗಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಚಿಕ್ಕ ಕಂಪ್ಯೂಟರ್. ಅದು ಒಳ್ಳೆಯ ಗುಮಾಸ್ತನಿದ್ದಂತೆ. ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆಯೇ, ಇಂಧನದ ಮಿಶ್ರಣ ಸರಿಯಿದೆಯೇ ಎಂದು ಸದಾ ಗಮನಿಸುತ್ತಿರುತ್ತದೆ. ಇನ್ನು ಕೆಲವು ಪರೀಕ್ಷೆಗಳನ್ನು ಕಾರು ಒಂದು ನಿರ್ದಿಷ್ಟ ಸ್ಥಿತಿಯಲ್ಲಿ ಓಡುತ್ತಿರುವಾಗ ಮಾತ್ರ ನಡೆಸುತ್ತದೆ. ಆಮ್ಲಜನಕ ಸೆನ್ಸರ್, ಅದನ್ನು ಬಿಸಿ ಮಾಡುವ ಹೀಟರ್, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಕೆಲವು ಕಾರುಗಳಲ್ಲಿ ಹೊಗೆಯ ಒಂದಂಶವನ್ನು ಎಂಜಿನಿಗೇ ಮರಳಿಸುವ ವಾಲ್ವ್ ಇವೆಲ್ಲ ಆ ಎರಡನೆ ಪಟ್ಟಿಗೆ ಸೇರುತ್ತವೆ. ಈ ಒಂದೊಂದು ಪರೀಕ್ಷೆಗೂ ‘ಮಾನಿಟರ್’ ಎಂದು ಹೆಸರು. ಪರೀಕ್ಷೆ ಮುಗಿದರೆ ಅದು ‘ರೆಡಿ’, ಮುಗಿಯದಿದ್ದರೆ ‘ನಾಟ್ ರೆಡಿ’.

ಕನ್ವರ್ಟರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅದರ ಮುಂದೊಂದು, ಹಿಂದೊಂದು ಆಮ್ಲಜನಕ ಸೆನ್ಸರ್ ಇರುತ್ತವೆ. ಮುಂದಿನ ಸೆನ್ಸರಿನ ಸಂಕೇತ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬಳಸುತ್ತದೆ, ಆದ್ದರಿಂದ ಹಿಂದಿನ ಸೆನ್ಸರ್ ಶಾಂತವಾಗಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಕನ್ವರ್ಟರ್ ಸೋತಿದೆ ಎಂದು ಇಸಿಯು ಬರೆದುಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ‘ಚೆಕ್ ಎಂಜಿನ್’ ದೀಪ ಉರಿಸುತ್ತದೆ. ಆದರೆ ಈ ಹೋಲಿಕೆ ನಡೆಯಬೇಕಾದರೆ ಕನ್ವರ್ಟರ್ ಚೆನ್ನಾಗಿ ಕಾದಿರಬೇಕು, ಕಾರು ಕೆಲವು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಮಾನಪಾಡಾ ರಸ್ತೆಯ ಟ್ರಾಫಿಕ್ಕಿನಲ್ಲಿ ಮನೆಯಿಂದ ಡೊಂಬಿವಲಿ ಸ್ಟೇಷನ್ನಿಗೆ ಹೋಗಿ ಬರುವ ಕಾರಿಗೆ ಆ ಭಾಗ್ಯ ವಾರಗಟ್ಟಲೆ ಸಿಗದೇ ಹೋಗಬಹುದು.

ಬ್ಯಾಟರಿ ಕಿತ್ತಾಗ ಅನೇಕ ಕಾರುಗಳಲ್ಲಿ ಈ ಎಲ್ಲ ಮಾನಿಟರ್‌ಗಳು ‘ನಾಟ್ ರೆಡಿ’ಗೆ ಮರಳುತ್ತವೆ. ದಾಖಲಾಗಿದ್ದ ದೋಷದ ಸಂಖ್ಯೆಗಳೂ ಅಳಿಯುತ್ತವೆ. ಎಂಜಿನ್ ಇಷ್ಟು ದಿನ ಓಡಿ ಕಲಿತುಕೊಂಡ ಇಂಧನದ ಹದವೂ ಹೋಗುತ್ತದೆ. ಹೊಸ ಬ್ಯಾಟರಿ ಹಾಕಿದ ಮೊದಲೆರಡು ದಿನ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಸ್ವಲ್ಪ ನಡುಗುವುದು, ಒಮ್ಮೊಮ್ಮೆ ಬಂದ್ ಬೀಳುವುದು ಇದೇ ಕಾರಣಕ್ಕೆ. ಹೊಸ ಮಾದರಿಯ ಕೆಲವು ಕಾರುಗಳು ದೋಷದ ದಾಖಲೆಯನ್ನು ಬ್ಯಾಟರಿ ಇಲ್ಲದಿದ್ದರೂ ಉಳಿಸಿಕೊಳ್ಳುತ್ತವೆ. ಎಲ್ಲ ಕಾರುಗಳೂ ಹಾಗಲ್ಲ.

ಪಿಯುಸಿ ನೋಡುವುದೇನು, ನೋಡದಿರುವುದೇನು

ಅಮೆರಿಕದಲ್ಲಿ ಮಕ್ಕಳಿರುವ ಕುಟುಂಬಗಳಿಗೆ ‘ಸ್ಮಾಗ್ ಚೆಕ್’ ಎಂಬ ಮಾತು ಹೊಸದಲ್ಲ. ಅಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಒಬಿಡಿ-2 ಎಂಬ ಈ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಆ ನಂತರದ ಪೆಟ್ರೋಲ್ ಕಾರು ಪರೀಕ್ಷೆಗೆ ಹೋದರೆ ಇಂಧನದ ಆವಿಗೆ ಸಂಬಂಧಿಸಿದ ಒಂದು ಮಾನಿಟರ್ ಬಿಟ್ಟು ಉಳಿದೆಲ್ಲವೂ ‘ರೆಡಿ’ ಇರಬೇಕು. ಇಲ್ಲವಾದರೆ ಮತ್ತಷ್ಟು ಓಡಿಸಿ ಬನ್ನಿ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಹಾಗಾಗಿ ಬ್ಯಾಟರಿ ಬದಲಾಯಿಸಿದ ಮರುದಿನ ಅಲ್ಲಿ ಯಾರೂ ಪರೀಕ್ಷೆಗೆ ಹೋಗುವುದಿಲ್ಲ.

ನಮ್ಮಲ್ಲಿನ ಪಿಯುಸಿ ಬೇರೆ ಬಗೆಯದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆ ನಿಯಮದಂತೆ ಸೈಲೆನ್ಸರಿನ ಬಾಯಿಗೆ ಕೊಳವೆಯಿಟ್ಟು ಹೊಗೆಯನ್ನು ಅಳೆಯುತ್ತಾರೆ. ಬಿಎಸ್-4 ಅಥವಾ ಬಿಎಸ್-6 ಪೆಟ್ರೋಲ್ ಕಾರು ನಿಂತಲ್ಲೇ ಓಡುತ್ತಿರುವಾಗ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.3, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 200 ಭಾಗ ಮೀರಬಾರದು. ಡೀಸೆಲ್ ಗಾಡಿಯಾದರೆ ಆಕ್ಸಲರೇಟರ್ ಒತ್ತಿ ಹೊಗೆಯ ಕಪ್ಪನ್ನು ಅಳೆಯುತ್ತಾರೆ. ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ಸರ್ಟಿಫಿಕೇಟಿನ ವಾಯಿದೆ ಒಂದು ವರ್ಷ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು. ಹೊಸ ಗಾಡಿಗೆ ನೋಂದಣಿಯಾದ ಮೊದಲ ವರ್ಷ ಇದು ಬೇಡ. ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ ಒಬಿಡಿ ಸಾಕೆಟ್ಟನ್ನು ಪಿಯುಸಿ ಪರೀಕ್ಷೆ ಕೇಳುವುದೇ ಇಲ್ಲ.

ಇಲ್ಲೊಂದು ವಿಚಿತ್ರವಿದೆ. ಭಾರತದಲ್ಲಿ 2010ರಿಂದ ಬಿಎಸ್-4 ಕಾರುಗಳಿಗೆ ಒಬಿಡಿಯ ಮೊದಲ ಹಂತ, 2013ರಿಂದ ಎರಡನೆ ಹಂತ ಬಂತು. 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್-6 ಜಾರಿಯಾಯಿತು. 2023ರ ಏಪ್ರಿಲ್ 1ರಿಂದ ಅದರ ಎರಡನೆ ಹಂತ ಬಂದು ರಸ್ತೆಯ ಮೇಲಿನ ನಿಜವಾದ ಓಟದಲ್ಲೇ ಹೊಗೆಯ ಪರೀಕ್ಷೆ ಕಡ್ಡಾಯವಾಯಿತು, ಒಬಿಡಿಯ ನಿಯಮ ಇನ್ನಷ್ಟು ಬಿಗಿಯಾಯಿತು. ಇದಕ್ಕೆಲ್ಲ ತಗಲಿದ ವೆಚ್ಚವನ್ನು ಕಾರಿನ ಬೆಲೆಯಲ್ಲಿ ಸೇರಿಸಿ ಕೊಟ್ಟವನು ಗ್ರಾಹಕ. ಹೀಗೆ ದುಡ್ಡು ಕೊಟ್ಟು ಕೊಂಡ ಗುಮಾಸ್ತ ಕಾರಿನೊಳಗೆ ದಿನವೂ ಲೆಕ್ಕ ಬರೆಯುತ್ತಿದ್ದಾನೆ. ವರ್ಷಕ್ಕೊಮ್ಮೆ ಆ ಲೆಕ್ಕದ ಪುಸ್ತಕ ತೆರೆದು ನೋಡುವವರಿಲ್ಲ.

ಇದರ ಪರಿಣಾಮ ಎರಡು. ಬ್ಯಾಟರಿ ಹಾಕಿದ ದಿನವೇ, ಎಂಜಿನ್ ಇನ್ನೂ ಹದಕ್ಕೆ ಬಾರದಿರುವಾಗ ಪಿಯುಸಿಗೆ ಹೋದ ಒಳ್ಳೆಯ ಕಾರೂ ಕೆಲವೊಮ್ಮೆ ಫೇಲಾಗಬಹುದು. ಮತ್ತೊಂದೆಡೆ, ನಿಂತಲ್ಲಿ ಅಳೆದಾಗ ಮಿತಿಯೊಳಗಿದ್ದು ರಸ್ತೆಯಲ್ಲಿ ಕೆಟ್ಟ ಹೊಗೆ ಬಿಡುವ ಕಾರು ಪಾಸಾಗಿ ಬರಬಹುದು. ಸರ್ಟಿಫಿಕೇಟು ಆ ಕ್ಷಣದ ಫೋಟೋ ಇದ್ದಂತೆ. ಮಾನಿಟರ್‌ಗಳ ಲೆಕ್ಕ ಕೆಲವು ದಿನಗಳ ಓಡಾಟದ ದಿನಚರಿ ಇದ್ದಂತೆ.

ದೀಪ ಆರಿಸುವ ದಂಧೆ

ಚೆಕ್ ಎಂಜಿನ್ ದೀಪ ಉರಿದರೆ ಮಾಲೀಕನಿಗೆ ಗಾಬರಿ. ಗ್ಯಾರೇಜಿಗೆ ಹೋದರೆ, ಎಲ್ಲರೂ ಅಲ್ಲದಿದ್ದರೂ ಕೆಲವರು, ಬ್ಯಾಟರಿಯ ಟರ್ಮಿನಲ್ ಕಳಚಿ ಹತ್ತು ನಿಮಿಷ ಬಿಟ್ಟು ಮತ್ತೆ ಜೋಡಿಸಿ ‘ಹೋಗಯಾ ಸಾಬ್’ ಅನ್ನುತ್ತಾರೆ. ಅಥವಾ ಸ್ಕ್ಯಾನರ್ ಇಟ್ಟು ಅಳಿಸುತ್ತಾರೆ. ದೀಪ ಆರಿತು, ಮಾಲೀಕ ಖುಷಿ. ದೋಷ ಇದ್ದಲ್ಲೇ ಇದೆ. ಮಾನಿಟರ್‌ಗಳು ಮತ್ತೆ ಪರೀಕ್ಷೆ ಮುಗಿಸಿದ ಮೇಲೆ, ವಾರವೋ ತಿಂಗಳೋ ಕಳೆದು ದೀಪ ತಿರುಗಿ ಉರಿಯುತ್ತದೆ. ಅಷ್ಟರಲ್ಲಿ ಕಿಡಿ ತಪ್ಪುತ್ತಿದ್ದ ಸಿಲಿಂಡರಿನಿಂದ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು ಅದನ್ನೇ ಸುಟ್ಟಿರುತ್ತದೆ. ಕೆಲವು ನೂರು ರೂಪಾಯಿಯ ಸ್ಪಾರ್ಕ್ ಪ್ಲಗ್ಗಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಹತ್ತಾರು ಸಾವಿರದ ಕನ್ವರ್ಟರಿಗೆ ಬಂದು ನಿಲ್ಲುತ್ತದೆ. ಜ್ವರ ಬಂದವನ ಥರ್ಮಾಮೀಟರ್ ಒಡೆದುಹಾಕಿ ಗುಣವಾಯಿತು ಎಂದಂತೆ ಇದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಈ ಮೋಸ ಇನ್ನೂ ದೊಡ್ಡದು. ನಮ್ಮ ಸಮಾಜದ ಎಷ್ಟೋ ಯುವಕರು ಮೊದಲು ಕೊಳ್ಳುವುದು ಹಳೆ ಕಾರನ್ನೇ. ಟೂರಿಸ್ಟ್ ಟ್ಯಾಕ್ಸಿ ಓಡಿಸುವವರು, ಕ್ಯಾಟರಿಂಗ್, ಹೊಟೇಲು ಸಾಮಾನಿಗೆ ವ್ಯಾನ್ ಇಟ್ಟುಕೊಂಡವರು ಕೂಡ ಹಾಗೆಯೇ. ಎಂಎಚ್-04 ಥಾಣೆಯದಿರಲಿ, ಎಂಎಚ್-05 ಕಲ್ಯಾಣದ್ದಿರಲಿ, ಎಂಎಚ್-43 ವಾಶಿಯದಿರಲಿ, ನಂಬರ್ ಪ್ಲೇಟ್ ಮತ್ತು ಬಣ್ಣ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಮಾರುವವನು ಹಿಂದಿನ ದಿನ ದೀಪ ಅಳಿಸಿ ತಂದಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಸ್ಕ್ಯಾನರಿಗೆ ಗೊತ್ತಾಗುತ್ತದೆ. ದೋಷ ಒಂದೂ ಇಲ್ಲ, ಆದರೆ ಬಹುತೇಕ ಮಾನಿಟರ್‌ಗಳು ‘ನಾಟ್ ರೆಡಿ’ ಎಂದು ಕಂಡರೆ ಈಚೆಗೆ ಬ್ಯಾಟರಿ ಕಿತ್ತಿದ್ದಾರೆ ಅಥವಾ ದಾಖಲೆ ಅಳಿಸಿದ್ದಾರೆ ಎಂದರ್ಥ. ಬ್ಯಾಟರಿ ಬದಲಾಯಿಸಿದ್ದು ನಿಜವಾದರೆ ಬಿಲ್ಲು ತೋರಿಸಲಿ. ಇಲ್ಲವಾದರೆ ಒಂದು ವಾರ ಓಡಿಸಿದ ಮೇಲೆ ಮತ್ತೆ ನೋಡೋಣ ಎನ್ನಬೇಕು. ಅದಕ್ಕೊಪ್ಪದವನ ಕಾರನ್ನು ಬಿಟ್ಟುಬಿಡುವುದೇ ಲೇಸು.

ಬ್ಯಾಟರಿ ಹಾಕಿದ ಮೇಲೆ ಮಾಡಬೇಕಾದ್ದು

ಮಾನಿಟರ್‌ಗಳನ್ನು ಮತ್ತೆ ‘ರೆಡಿ’ಗೆ ತರಲು ಮಂತ್ರವೇನೂ ಇಲ್ಲ, ಕ್ರಮವಾಗಿ ಓಡಿಸಬೇಕು ಅಷ್ಟೆ. ಒಂದೊಂದು ಕಂಪೆನಿಯ ಕ್ರಮ ಒಂದೊಂದು ಥರ, ಆದ್ದರಿಂದ ಕಾರಿನ ಜತೆ ಬಂದ ಪುಸ್ತಕ ಅಥವಾ ಸರ್ವಿಸ್ ಸೆಂಟರಿನ ಮಾತೇ ಅಂತಿಮ. ಸಾಮಾನ್ಯವಾಗಿ ಎಲ್ಲಕ್ಕೂ ಹೊಂದುವ ದಾರಿ ಹೀಗಿದೆ.

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ಪೆಟ್ರೋಲ್ ಇರಲಿ. ಕಾರು ರಾತ್ರಿಯಿಡೀ ನಿಂತು ಎಂಜಿನ್ ಪೂರ್ತಿ ತಣಿದಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಎಸಿ ಹಾಕದೆ ಎರಡು ಮೂರು ನಿಮಿಷ ಹಾಗೆಯೇ ಬಿಡಬೇಕು. ಇದನ್ನು ಬಯಲಲ್ಲಿ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಅಥವಾ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಎಂಜಿನ್ ಓಡುತ್ತ ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ನಂತರ ನಿಧಾನವಾಗಿ ಹೊರಟು ಹತ್ತು ನಿಮಿಷ ಊರೊಳಗೆ ಓಡಿಸಿ, ಹೆದ್ದಾರಿ ಸೇರಿ, ಅಲ್ಲಿನ ವೇಗ ಮಿತಿಯೊಳಗೆ ಗಂಟೆಗೆ 60ರಿಂದ 80 ಕಿಲೋಮೀಟರ್ ವೇಗದಲ್ಲಿ, ಆಕ್ಸಲರೇಟರ್ ಅಲುಗಿಸದೆ, ಹತ್ತು ನಿಮಿಷ ಹೋಗಬೇಕು. ಹಿಂದೆ ಮುಂದೆ ಗಾಡಿಗಳಿಲ್ಲದಾಗ ಗೇರಿನಲ್ಲೇ ಇಟ್ಟು ಆಕ್ಸಲರೇಟರಿನಿಂದ ಕಾಲು ತೆಗೆದು, ಬ್ರೇಕ್ ಒತ್ತದೆ, ವೇಗ ತಾನಾಗಿ 40ರ ಆಸುಪಾಸಿಗೆ ಇಳಿಯಲು ಬಿಡಬೇಕು. ಹೀಗೆ ಮೂರು ನಾಲ್ಕು ಸಲ. ಮರಳಿ ಬಂದು ಮತ್ತೆರಡು ನಿಮಿಷ ನಿಲ್ಲಿಸಿ ಓಡುತ್ತ ಬಿಟ್ಟು ಬಂದ್ ಮಾಡಬೇಕು. ಇದನ್ನೇ ಮೂರು ನಾಲ್ಕು ದಿನ ಮಾಡಿದರೆ ದೋಷವಿಲ್ಲದ ಕಾರಿನಲ್ಲಿ ಬಹುತೇಕ ಮಾನಿಟರ್‌ಗಳು ರೆಡಿಯಾಗುತ್ತವೆ.

ಜಾಗ ಎಲ್ಲಿ ಎಂಬ ಪ್ರಶ್ನೆ ಸಹಜ. ಥಾಣೆಯವರಿಗೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಕಲ್ಯಾಣ್-ಡೊಂಬಿವಲಿಯವರಿಗೆ ನಾಸಿಕ್ ಹೆದ್ದಾರಿ, ನವಿಮುಂಬಯಿಯವರಿಗೆ ಥಾಣೆ-ಬೇಲಾಪುರ ರಸ್ತೆ ಅಥವಾ ಪಾಮ್ ಬೀಚ್ ರಸ್ತೆ ಇದೆ. ಭಾನುವಾರ ಬೆಳಿಗ್ಗೆ ಆರರ ಹೊತ್ತಿಗೆ ಹೊರಟರೆ ಸಾಧ್ಯ. ಶಿಳ್‌ಫಾಟಾದಲ್ಲಿ ಸಂಜೆ ಏಳಕ್ಕೆ ಇದನ್ನು ಮಾಡಲು ಹೊರಟವರಿಗೆ ಮಾನಿಟರ್ ಬಿಡಿ, ಮನೆಯೇ ಸಿಗುವುದಿಲ್ಲ. ಪಾಮ್ ಬೀಚ್ ರಸ್ತೆ ಅತಿವೇಗದ ಅಪಘಾತಗಳಿಗೆ ಹೆಸರಾದ ರಸ್ತೆ ಎಂಬುದನ್ನೂ ಮರೆಯಬಾರದು. ಇಲ್ಲಿ ಬೇಕಾದದ್ದು ಒಂದೇ ಸಮನಾದ ವೇಗ, ಹೆಚ್ಚಿನ ವೇಗವಲ್ಲ.

ಎಲ್ಲ ರೆಡಿಯಾಗಿದೆಯೇ ಎಂದು ನೋಡಲು ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಚಿಕ್ಕ ಸ್ಕ್ಯಾನರ್‌ಗಳು ಸುಲಭ ಬೆಲೆಗೆ ಸಿಗುತ್ತವೆ. ಹತ್ತು ದಿನ ಕ್ರಮವಾಗಿ ಓಡಿಸಿದರೂ ಒಂದು ಮಾನಿಟರ್ ರೆಡಿಯಾಗುತ್ತಿಲ್ಲ ಎಂದರೆ ಅದಕ್ಕೊಂದು ಕಾರಣವಿದೆ, ಮೆಕ್ಯಾನಿಕ್ಕಿಗೆ ಅದನ್ನು ಹುಡುಕಲು ಹೇಳಬೇಕು. ಪಿಯುಸಿ ವಾಯಿದೆ ಹತ್ತಿರವಿದ್ದರೆ ಈ ಓಡಾಟ ಮುಗಿಸಿ, ಎಂಜಿನ್ ಬಿಸಿಯಿರುವಾಗಲೇ ಪರೀಕ್ಷೆಗೆ ಹೋಗುವುದು ಒಳ್ಳೆಯದು. ವಾಯಿದೆ ಮುಗಿಯುವ ಕೊನೆಯ ದಿನದವರೆಗೆ ಕಾಯುವ ಚಾಳಿ ಬಿಡಬೇಕು. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 190(2)ನೆ ಕಲಮಿನಂತೆ ಹೊಗೆಯ ನಿಯಮ ಮುರಿದವರಿಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಮೂರು ತಿಂಗಳು ಲೈಸನ್ಸ್ ಅನರ್ಹತೆ ಎಲ್ಲಕ್ಕೂ ಅವಕಾಶವಿದೆ. ಪಿಯುಸಿ ಇಲ್ಲದೆ ವಿಮೆ ನವೀಕರಿಸಬಾರದೆಂದು 2017ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್ ಹೇಳಿದ್ದ ಷರತ್ತನ್ನು 2024ರ ಜುಲೈಯಲ್ಲಿ ಅದೇ ಕೋರ್ಟ್ ಥರ್ಡ್ ಪಾರ್ಟಿ ವಿಮೆಯ ಮಟ್ಟಿಗೆ ಸಡಿಲಿಸಿತು. ವಿಮೆ ಸಿಕ್ಕಿತೆಂದು ಪಿಯುಸಿ ಬೇಡವೆಂದಲ್ಲ, ಅದು ಬೇಕೇ ಬೇಕು.

ಊರಿಗೆ ಹೋಗುವ ಮುನ್ನ

ಬ್ಯಾಟರಿ ಸಾಯದಂತೆ ನೋಡಿಕೊಂಡರೆ ಈ ತೊಂದರೆ ಅರ್ಧ ತಪ್ಪುತ್ತದೆ. ಪೂರ್ತಿ ಚಾರ್ಜಾದ ಬ್ಯಾಟರಿ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಅದು ಬರಿದಾದಂತೆಯೇ. ಊರಿಗೆ ಹೋಗುವ ಮುನ್ನ ಒಮ್ಮೆ ಅಳೆಸಿಕೊಳ್ಳುವುದು ಒಳ್ಳೆಯದು. ಬಿಲ್ಡಿಂಗಿನಲ್ಲಿ ನಂಬಿಕಸ್ಥ ನೆರೆಯವರಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಬಹುದು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವುದರಿಂದ ಬ್ಯಾಟರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಟರ್ಮಿನಲ್ ಕಳಚಿಟ್ಟು ಹೋದರೆ ಬ್ಯಾಟರಿ ಉಳಿಯುತ್ತದೆ, ಲೆಕ್ಕ ಅಳಿಯುತ್ತದೆ. ತಿಂಗಳುಗಟ್ಟಲೆ ಹೋಗುವವರು ಈ ಎರಡರಲ್ಲಿ ಒಂದನ್ನು ತಿಳಿದೇ ಆರಿಸಬೇಕು. ಹಳೆ ಬ್ಯಾಟರಿಯಲ್ಲಿ ಇನ್ನೂ ಜೀವವಿರುವಾಗಲೇ ಬದಲಾಯಿಸುವುದಾದರೆ, ಬದಲಾಯಿಸುವ ಹೊತ್ತಿನಲ್ಲಿ ನೆನಪು ಉಳಿಸುವ ಚಿಕ್ಕ ಉಪಕರಣ ಜೋಡಿಸಬಲ್ಲ ಗ್ಯಾರೇಜುಗಳಿವೆ. ಅದನ್ನು ತಿಳಿದವರ ಕೈಯಲ್ಲೇ ಮಾಡಿಸಬೇಕು. ಕಿತ್ತ ಬ್ಯಾಟರಿಯನ್ನು ಗುಜರಿಯವನಿಗೆ ಹಾಕದೆ ಮಾರಿದ ಅಂಗಡಿಗೇ ಮರಳಿಸುವುದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಆಶಯಕ್ಕೂ ತಕ್ಕದ್ದು, ಬೆಲೆಯಲ್ಲಿ ರಿಯಾಯಿತಿಯೂ ಸಿಗುತ್ತದೆ. ಅದರೊಳಗಿನ ಸೀಸ ಮತ್ತು ಆಮ್ಲ ಚರಂಡಿಗೆ ಹೋಗುವ ವಸ್ತುಗಳಲ್ಲ.

ಸರಕಾರ ಮಾಡಬೇಕಾದ್ದು, ಸಂಘಗಳು ಮಾಡಬಹುದಾದ್ದು

ಕಾನೂನು ಕೇಳದಿದ್ದ ಮೇಲೆ ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ಕೇಳುವವರಿದ್ದಾರೆ. ದಿನಕ್ಕೆ ಹನ್ನೆರಡು ಗಂಟೆ ಗಾಡಿ ಓಡಿಸುವ ಬಾಡಿಗೆ ಚಾಲಕನಿಗೆ ಸ್ಕ್ಯಾನರ್ ನೋಡುತ್ತ ಕೂರುವ ಪುರುಸೊತ್ತಿಲ್ಲ ಎಂಬ ಮಾತಿನಲ್ಲೂ ಹುರುಳಿದೆ. ಒಂದು ಕಾರು ಶುದ್ಧವಾದ ಮಾತ್ರಕ್ಕೆ ತಳೋಜದ ಗಾಳಿಯಾಗಲಿ ಡೊಂಬಿವಲಿ ಎಂಐಡಿಸಿಯ ವಾಸನೆಯಾಗಲಿ ಹೋಗುವುದಿಲ್ಲ ಎಂಬುದೂ ನಿಜ. ಆದರೆ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನವಿಮುಂಬಯಿ, ಉಲ್ಲಾಸನಗರ, ಬದ್ಲಾಪುರಗಳ ಹೆಸರಿವೆ. ಕಾರ್ಖಾನೆಯ ಹೊಗೆಗೆ ಬೀದಿಯ ಹೊಗೆಯೂ ಸೇರುವ ಊರುಗಳಿವು. ನೆಲಮಹಡಿ, ಒಂದನೆ ಮಹಡಿಯ ಕಿಟಕಿಗೆ ಬರುವುದು ಕೆಳಗೆ ನಿಂತ ಗಾಡಿಯ ಹೊಗೆಯೇ. ಕಾರ್ಖಾನೆಯ ಚಿಮಿಣಿ ನಮ್ಮ ಕೈಯಲ್ಲಿಲ್ಲ, ನಮ್ಮ ಸೈಲೆನ್ಸರ್ ನಮ್ಮ ಕೈಯಲ್ಲಿದೆ.

ಸರಕಾರ ಪಿಯುಸಿ ಕೇಂದ್ರದಲ್ಲಿ ಒಬಿಡಿಯನ್ನೂ ಓದಿಸುವ ಏರ್ಪಾಡು ಮಾಡಬೇಕು. ಬರೀ ಹೊಗೆಯ ಕೊಳವೆಯನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ದೆಹಲಿಯೇ ಸಾಕ್ಷಿ. ಮಿತಿ ಮೀರಿದ ಅಳತೆ ಬಂದ ಒಂದು ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ಅಲ್ಲಿ ಸರ್ಟಿಫಿಕೇಟು ಕೊಡಲಾಗಿತ್ತೆಂದು 2025ರಲ್ಲಿ ಮಂಡನೆಯಾದ ಸಿಎಜಿ ವರದಿ ಹೇಳಿದೆ. ಆದರೆ ನಿಯಮ ತರುವಾಗ ಸಾಮಾನ್ಯನ ಕಷ್ಟವನ್ನೂ ನೋಡಬೇಕು. ಬ್ಯಾಟರಿಯ ಬಿಲ್ಲು ತೋರಿಸಿದವರಿಗೆ ಹದಿನೈದು ದಿನದ ಕಾಲಾವಕಾಶ, ಒಂದು ಮಾನಿಟರ್ ಬಾಕಿಯಿದ್ದರೆ ವಿನಾಯಿತಿ, ಒಬಿಡಿ ಇಲ್ಲದ ಹಳೆ ಗಾಡಿಗಳಿಗೆ ಈಗಿನ ಪರೀಕ್ಷೆಯೇ ಸಾಕು ಎಂಬ ಸೌಲಭ್ಯ ಇರಬೇಕು. ಇಲ್ಲವಾದರೆ ಅದು ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತೆ.

ಸರಕಾರ ಏಳುವವರೆಗೆ ಸಂಘಗಳು ಮಲಗಿರಬೇಕಾಗಿಲ್ಲ. ರಕ್ತದಾನ, ನೇತ್ರ ತಪಾಸಣೆ, ಮಧುಮೇಹ ಶಿಬಿರಗಳನ್ನು ನಡೆಸಿ ನಮ್ಮ ಸಂಘಗಳು ಹೆಸರು ಗಳಿಸಿವೆ. ವರ್ಷಕ್ಕೊಂದು ಭಾನುವಾರ ವಾಹನ ತಪಾಸಣೆಗೂ ಮೀಸಲಾಗಲಿ. ಒಂದೆರಡು ಸ್ಕ್ಯಾನರ್, ಒಂದು ವೋಲ್ಟ್ ಮೀಟರ್, ಪ್ರಾಮಾಣಿಕನಾದ ಒಬ್ಬ ಮೆಕ್ಯಾನಿಕ್ ಇದ್ದರೆ ಸಾಕು. ಗ್ಯಾರೇಜು ನಡೆಸುವ ಕನ್ನಡಿಗರು ಈ ಊರುಗಳಲ್ಲೂ ಇದ್ದಾರೆ. ಎಂಜಿನಿಯರಿಂಗ್ ಕಲಿಯುತ್ತಿರುವ ಯುವ ವಿಭಾಗದ ಹುಡುಗ ಹುಡುಗಿಯರಿಗೆ ವೇದಿಕೆಯಲ್ಲಿ ಹೂಗುಚ್ಛ ಹಿಡಿದು ನಿಲ್ಲುವುದಕ್ಕಿಂತ ಇದು ಉಪಯುಕ್ತ ಕೆಲಸ. ಸ್ಕ್ಯಾನರ್ ಸಂಘದ ಕಚೇರಿಯಲ್ಲಿದ್ದರೆ ಹಳೆ ಕಾರು ಕೊಳ್ಳಲು ಹೊರಟ ಸದಸ್ಯ ಅದನ್ನು ಎರವಲು ಒಯ್ಯಬಹುದು. ಒಂದು ಕುಟುಂಬ ಮೋಸ ಹೋಗುವುದು ತಪ್ಪಿದರೂ ಅದಕ್ಕೆ ಹಾಕಿದ ಹಣ ಬಂದಂತೆ.

ಡ್ಯಾಶ್‌ಬೋರ್ಡಿನ ದೀಪ ಆರಿದ್ದನ್ನೇ ಆರೋಗ್ಯವೆಂದು, ಕೈಗೆ ಬಂದ ಕಾಗದವನ್ನೇ ಶುದ್ಧ ಗಾಳಿಯೆಂದು ನಂಬುವುದನ್ನು ಮೊದಲು ಬಿಡಬೇಕು. ಈ ಬಾರಿ ಊರಿಂದ ಮರಳಿ ಹೊಸ ಬ್ಯಾಟರಿ ಹಾಕಿಸಿದವರು ಪಿಯುಸಿ ಕೇಂದ್ರದ ಸಾಲಿನಲ್ಲಿ ನಿಲ್ಲುವ ಮುನ್ನ ಕಾರಿಗೆ ನಾಲ್ಕು ದಿನ, ನಾಲ್ಕು ಒಳ್ಳೆಯ ಬೆಳಗಿನ ಓಟ ಕೊಡಲಿ. ಹಳದಿ ದೀಪ ಉರಿದರೆ ಅದನ್ನು ಆರಿಸಿಕೊಡು ಎನ್ನದೆ, ಅದು ಯಾಕೆ ಉರಿಯಿತು ಹೇಳು ಎಂದು ಮೆಕ್ಯಾನಿಕ್ಕನ್ನು ಕೇಳಲಿ.